ಹಿಡಿಯೋರೂ ಅವರೇ, ತೀರ್ಪು ಕೊಡೋರೂ ಅವರೇ: ಒಂದು ಕಚೇರಿ ಎರಡಾದ ಕಥೆ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ಮೂರರಲ್ಲಿ ಯಾವ ಊರಿಗೆ ಹೋದ್ರೂ ಪಹಣಿಗೆ ತಾಲ್ಲೂಕು ಕಚೇರಿ, ಕೇಸಿಗೆ ಕೋರ್ಟು. ಎರಡೂ ಬೇರೆ ಬೇರೆ. ನಮಗೆ ಇದು ತೀರಾ ಸಹಜ ಅನ್ನಿಸುತ್ತೆ. ಆದರೆ ಇವೆರಡು ಬೇರೆಯಾಗೋಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಇವತ್ತಿನ ಕಥೆ ಅದೇ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಂದ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಆಮೇಲೆ ಬಂದ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನಕ್ಕೆ ನಾಲ್ಕು ವಿಭಾಗ. ಅದರಲ್ಲಿ ಒಂದು ಚಿತ್ರದುರ್ಗ. ವಿಭಾಗಕ್ಕೊಬ್ಬ ಸೂಪರಿಂಟೆಂಡೆಂಟ್, ತಾಲ್ಲೂಕಿಗೊಬ್ಬ ಅಮಲ್ದಾರ್.

ಈ ಅಮಲ್ದಾರರ ಕೆಲಸ ಏನು ಅಂತೀರಾ? ಕಂದಾಯ ವಸೂಲಿ ಅವರದ್ದೇ. ತಾಲ್ಲೂಕಿನ ಪೊಲೀಸ್ ಉಸ್ತುವಾರಿ ಅವರದ್ದೇ. ಸಣ್ಣಪುಟ್ಟ ವ್ಯಾಜ್ಯ, ಅಪರಾಧದ ವಿಚಾರಣೆಯೂ ಅವರದ್ದೇ! ಈಗ ಯೋಚನೆ ಮಾಡಿ. ಕಂದಾಯದ ವಿಷಯಕ್ಕೆ ನಿಮಗೂ ಅಮಲ್ದಾರರಿಗೂ ಜಟಾಪಟಿ ಆಯ್ತು ಅಂದ್ರೆ, ದೂರು ಕೊಡೋಕೆ ಯಾರ ಹತ್ತಿರ ಹೋಗ್ತೀರಿ? ಮೇಲ್ಮನವಿಗೆ ಸೂಪರಿಂಟೆಂಡೆಂಟ್ ಇದ್ದರು, ಬೆಂಗಳೂರಿನಲ್ಲಿ ಹುಜೂರ್ ಅದಾಲತ್ ಇತ್ತು. ಆದರೆ ಸೂಪರಿಂಟೆಂಡೆಂಟ್ ಕೂಡ ಆಡಳಿತ, ನ್ಯಾಯ ಎರಡನ್ನೂ ನೋಡೋರೇ.

ಬದಲಾವಣೆ ಒಂದೊಂದೇ ಹೆಜ್ಜೆಯಲ್ಲಿ ಬಂತು. 1870ರ ದಶಕದಲ್ಲಿ ಮುನ್ಸೀಫರು ಬಂದರು. ಆಸ್ತಿ, ಸಾಲದ ಸಿವಿಲ್ ದಾವೆಗಳು ಅಮಲ್ದಾರರ ಕೈಬಿಟ್ಟವು. 1884ರಲ್ಲಿ ಬೆಂಗಳೂರಿನಲ್ಲಿ ಚೀಫ್ ಕೋರ್ಟ್ ಆಯ್ತು. ಇವತ್ತಿನ ಹೈಕೋರ್ಟಿನ ಬೇರು ಅದೇ. ಆದರೆ ಕ್ರಿಮಿನಲ್ ಕೇಸುಗಳ ಮ್ಯಾಜಿಸ್ಟ್ರೇಟ್ ಅಧಿಕಾರ ಕಂದಾಯ ಅಧಿಕಾರಿಗಳ ಬಳಿ ಇನ್ನೂ ಬಹಳ ಕಾಲ ಉಳಿಯಿತು.

ಇಲ್ಲಿ ನಮ್ಮ ಜಿಲ್ಲೆಯ ಒಬ್ಬರನ್ನು ನೆನೆಯಬೇಕು. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡ್ತಿದ್ದ ಎಸ್. ನಿಜಲಿಂಗಪ್ಪ. 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹ. ಹೆಂಡದ ವಿರುದ್ಧ ಜನ ಈಚಲು ಮರ ಕಡಿದರು. ಬೇರೆಯವರ ಪರ ವಾದ ಮಾಡ್ತಿದ್ದ ವಕೀಲರು ತಾವೇ ಜೈಲು ಸೇರಿದರು. ಮುಂದೆ ಅದೇ ನಿಜಲಿಂಗಪ್ಪ ಸಂವಿಧಾನ ಸಭೆಯ ಸದಸ್ಯರಾದರು, ಆಮೇಲೆ ಮುಖ್ಯಮಂತ್ರಿಯೂ ಆದರು.

1948ರ ನವೆಂಬರ್‌ನಲ್ಲಿ ಅದೇ ಸಂವಿಧಾನ ಸಭೆಗೆ ನಮ್ಮ ಈ ಪ್ರಶ್ನೆ ಬಂತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಬೇಕು, ಅದೂ ಮೂರು ವರ್ಷದೊಳಗೆ ಅಂತ ಅಂಬೇಡ್ಕರ್ ಮಂಡಿಸಿದರು. ಚರ್ಚೆಯಲ್ಲಿ ಆ ಮೂರು ವರ್ಷದ ಗಡುವು ಬಿದ್ದುಹೋಯ್ತು, ತತ್ವ ಉಳೀತು. ಅದೇ ಇವತ್ತಿನ 50ನೇ ವಿಧಿ. ಗಡುವು ಇಲ್ಲದ ಕೆಲಸ ಹೇಗೆ ನಡೆಯುತ್ತೆ, ನಿಮಗೇ ಗೊತ್ತು! ಕೆಲವು ರಾಜ್ಯಗಳು ಮೊದಲೇ ಮಾಡಿಕೊಂಡರೂ, ಹೊಸ ದಂಡ ಪ್ರಕ್ರಿಯಾ ಸಂಹಿತೆ ಬಂದು ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಹೈಕೋರ್ಟಿನ ಅಧೀನಕ್ಕೆ ತಂದದ್ದು 1974ರ ಏಪ್ರಿಲ್ 1ರಂದು.

ಈಗ ಹೇಗಿದೆ? ತಾಲ್ಲೂಕಿನಲ್ಲಿ ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ ಕೋರ್ಟು. ಜೆಎಂಎಫ್‌ಸಿ ಮೂರು ವರ್ಷದವರೆಗೆ ಜೈಲು ಶಿಕ್ಷೆ ಕೊಡಬಹುದು. ಕೊಲೆಯಂಥ ಕೇಸು ಚಿತ್ರದುರ್ಗದ ಸೆಷನ್ಸ್ ಕೋರ್ಟಿಗೆ. ಅಲ್ಲಿಂದ ಮೇಲ್ಮನವಿ ಬೆಂಗಳೂರಿನ ಹೈಕೋರ್ಟಿಗೆ, ಆಮೇಲೆ ದೆಹಲಿಯ ಸುಪ್ರೀಂ ಕೋರ್ಟಿಗೆ.

ಹಾಗಂತ ಹಳೆಯ ಅಮಲ್ದಾರರು ಪೂರ್ತಿ ಮಾಯ ಆಗಿಲ್ಲ. ತಹಶೀಲ್ದಾರರು ಇವತ್ತಿಗೂ ಕಾರ್ಯಪಾಲಕ ಮ್ಯಾಜಿಸ್ಟ್ರೇಟ್. ಊರಲ್ಲಿ ಗಲಾಟೆ ಆಗಬಹುದು ಅನ್ನಿಸಿದ್ರೆ ಶಾಂತಿ ಕಾಪಾಡ್ತೀನಿ ಅಂತ ಬಾಂಡ್ ಬರೆಸಿಕೊಳ್ಳಬಹುದು. ಆದೇಶವಾದ ಮೇಲೂ ಬಾಂಡ್ ಕೊಡದಿದ್ರೆ ಜೈಲಿಗೂ ಹೋಗಬೇಕಾಗಬಹುದು. ಆದರೆ ಕಳ್ಳತನ, ಹೊಡೆದಾಟದ ಕೇಸಲ್ಲಿ ನೀವು ತಪ್ಪಿತಸ್ಥ ಅಂತ ತೀರ್ಪು ಕೊಡೋ ಹಾಗಿಲ್ಲ. ಅದು ಕೋರ್ಟಿನ ಕೆಲಸ.

ಇದರಿಂದ ನಿಮಗೇನು ಲಾಭ? ಪೊಲೀಸರು ಯಾರನ್ನೇ ಬಂಧಿಸಲಿ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಸಂವಿಧಾನದ 22ನೇ ವಿಧಿ ಹೇಳೋದು ಅದನ್ನೇ. ಅಲ್ಲಿ ಕೂತಿರೋರು ಪೊಲೀಸರ ಮೇಲಧಿಕಾರಿ ಅಲ್ಲ, ಪೊಲೀಸರಿಗೆ ಸೇರಿದವರೂ ಅಲ್ಲ. ಹೊಡೆದಿದ್ರೆ, ಕಾರಣ ಹೇಳದೆ ಕರ್ಕೊಂಡು ಬಂದಿದ್ರೆ, ಅವರಿಗೆ ನೇರವಾಗಿ ಹೇಳಬಹುದು. ವಕೀಲರಿಗೆ ದುಡ್ಡಿಲ್ವಾ? ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.

ಅಮಲ್ದಾರರ ಕಾಲದಲ್ಲಿ ಹಿಡಿದವರ ಮುಂದೆಯೇ ನಿಂತು ನ್ಯಾಯ ಕೇಳಬೇಕಿತ್ತು. ಇವತ್ತು ಕೇಳೋಕೆ ಬೇರೆ ಬಾಗಿಲಿದೆ. ಆ ಬಾಗಿಲು ಎಲ್ಲಿದೆ ಅಂತ ಗೊತ್ತಿರಲಿ. ಮುಂದಿನ ಕಂತಿನಲ್ಲಿ ಸಿಗೋಣ.