ಸಂತ ಜೋಸೆಫರ ಹಬ್ಬವೂ ಒಂದು ಸೈಕಲ್ ಪಂದ್ಯವೂ

ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಸೈಕಲ್ ಪಂದ್ಯದ ಕಥೆಗೆ ಏನು ಕೆಲಸ ಎಂದು ವಾಚಕರು ಕೇಳಿದರೆ ತಪ್ಪಲ್ಲ. ಸಂಪಾದಕ ಸಮಿತಿಯವರೂ ಹಾಗೆಯೇ ಕೇಳಿದರು. ಅವರು ಬೇಡಿದ್ದು ನಮ್ಮ ಪಾಲಕರಾದ ಸಂತ ಜೋಸೆಫರ ಕುರಿತು ಒಂದು ಲೇಖನ. ಸಂತರ ಜೀವನವನ್ನು ಪ್ರತಿವರ್ಷ ನೊವೇನದ ಒಂಬತ್ತು ದಿನಗಳಲ್ಲಿಯೂ ತಾವು ಪ್ರಬೋಧನೆಗಳಲ್ಲಿ ಕೇಳುತ್ತಲೇ ಬಂದಿದ್ದೀರಿ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲವಾದುದರಿಂದ ಹೊಸದಾಗಿ ಹೇಳುವುದೂ ಕಡಿಮೆ. ಆದುದರಿಂದ ಸಂತರ ಚರಿತ್ರೆಯ ಬದಲು ಅವರ ದಿನದ ಚರಿತ್ರೆಯನ್ನು, ಅಂದರೆ ಮಾರ್ಚ್ 19 ಎಂಬ ದಿನಾಂಕದ ಚರಿತ್ರೆಯನ್ನು ಬರೆಯಲು ನಾವು ಮನಸ್ಸು ಮಾಡಿದೆವು. ಆ ದಿನಾಂಕದ ಬೆನ್ನು ಹಿಡಿದು ಹೊರಟರೆ ಇಟಲಿಯ ಒಂದು ರಸ್ತೆಯ ಬದಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಸಂತ ಜೋಸೆಫರ ಹಬ್ಬ ಪ್ರಾಚೀನ ಹಬ್ಬವೇನೂ ಅಲ್ಲ. ರೋಮಿನ ಪಂಚಾಂಗದಲ್ಲಿ ಮಾರ್ಚ್ 19ರಂದು ಅದನ್ನು ಸೇರಿಸಿದವರು ಜಗದ್ಗುರು ನಾಲ್ಕನೆಯ ಸಿಕ್ಸ್ತುಸ್. ಅದು 1479ರ ಸುಮಾರಿನ ಮಾತು. 1621ರಲ್ಲಿ ಹದಿನೈದನೆಯ ಗ್ರೆಗೋರಿಯವರು ಅದನ್ನು ಕಡ್ಡಾಯ ಹಬ್ಬವನ್ನಾಗಿ ಮಾಡಿದರು. ಒಂಬತ್ತನೆಯ ಪಿಯುಸರು 1870ರ ಡಿಸೆಂಬರ್ 8ರಂದು ಸಂತ ಜೋಸೆಫರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಸಾರಿದರು. ಆದರೆ 1911ರಲ್ಲಿ ಹತ್ತನೆಯ ಪಿಯುಸರು ಕಡ್ಡಾಯ ಹಬ್ಬಗಳನ್ನು ಎಂಟಕ್ಕೆ ಇಳಿಸಿದಾಗ ಈ ಹಬ್ಬ ಪಟ್ಟಿಯಿಂದ ಬಿದ್ದುಹೋಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಪುನಃ ಸೇರಿತು. ಮರದ ಕೆಲಸದವರ ಸಂತನ ಹಬ್ಬ ಪಟ್ಟಿಯೊಳಗೆ ಒಮ್ಮೆ, ಹೊರಗೆ ಒಮ್ಮೆ! ಈ ಏರಿಳಿತವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಡ್ಡಾಯ ಹಬ್ಬವೆಂದರೆ ಎರಡು ಕರ್ತವ್ಯಗಳು: ದಿವ್ಯ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಮತ್ತು ದುಡಿಮೆಯಿಂದ ವಿರಮಿಸುವುದು. ಮೊದಲನೆಯದನ್ನು ಧರ್ಮಸಭೆ ತಾನೇ ವಿಧಿಸಬಲ್ಲುದು. ಎರಡನೆಯದಕ್ಕೆ ಧಣಿಯ ಒಪ್ಪಿಗೆ ಬೇಕು, ಸರಕಾರದ ಒಪ್ಪಿಗೆ ಬೇಕು. ಇಟಲಿಯಲ್ಲಿ ಆ ಒಪ್ಪಿಗೆ ಪೂರ್ಣವಾಗಿ ಕೂಡಿಬಂದುದು 1929ರ ಫೆಬ್ರವರಿ 11ರಂದು, ಪವಿತ್ರ ಪೀಠಕ್ಕೂ ಇಟಲಿಯ ಸರಕಾರಕ್ಕೂ ಒಡಂಬಡಿಕೆಯಾದಾಗ. ಅದರ ಹನ್ನೊಂದನೆಯ ವಿಧಿಯಲ್ಲಿ ಸರಕಾರವು ಮಾನ್ಯ ಮಾಡುವ ಹಬ್ಬಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಸಂತ ಜೋಸೆಫರ ದಿನವೂ ಒಂದು. ಅಂದಿನಿಂದ ಮಾರ್ಚ್ 19 ಯಾವ ವಾರ ಬಂದರೂ ಕಾರ್ಖಾನೆಯ ಬಾಗಿಲು ಮುಚ್ಚಿತು, ಶಾಲೆಯ ಗಂಟೆ ಸುಮ್ಮನಾಯಿತು.

ಈಗ ಸೈಕಲ್ಲಿನ ಮಾತಿಗೆ ಬರೋಣ. ಉತ್ತರ ಇಟಲಿಯ ಮಿಲಾನ್ ನಗರದಿಂದ ಸಮುದ್ರತೀರದ ಸಾನ್ ರೇಮೊ ಪಟ್ಟಣದವರೆಗೆ ಒಂದೇ ದಿನದಲ್ಲಿ ಸೈಕಲ್ ತುಳಿಯುವ ಪಂದ್ಯವನ್ನು ಒಂದು ಕ್ರೀಡಾ ಪತ್ರಿಕೆಯವರು 1907ರಲ್ಲಿ ಆರಂಭಿಸಿದರು. ದೂರ ಸುಮಾರು 288 ಕಿಲೋಮೀಟರ್. ಏಪ್ರಿಲ್ 14ರ ಬೆಳಗಿನ ಜಾವ ಐದು ಗಂಟೆಯ ಸುಮಾರಿಗೆ ಹೊರಟವರು 33 ಮಂದಿ. ಗುರಿ ಮುಟ್ಟಿದವರು 14. ಫ್ರಾನ್ಸಿನ ಲೂಸಿಯೆಂ ಪೆತಿ-ಬ್ರೆತೋಂ ಹನ್ನೊಂದು ಗಂಟೆಗೂ ಹೆಚ್ಚು ಕಾಲ ತುಳಿದು ಗೆದ್ದನು. 1910ರಲ್ಲಿ ತುರ್ಕೀನೋ ಘಟ್ಟದ ಮೇಲೆ ಹಿಮ ಬಿದ್ದು, ಹೊರಟ 63 ಜನರಲ್ಲಿ ಕೊನೆಗೆ ನಾಲ್ವರ ಹೆಸರು ಮಾತ್ರ ಫಲಿತಾಂಶದಲ್ಲಿ ಉಳಿಯಿತು. ಗೆದ್ದ ಎಜೇನ್ ಕ್ರಿಸ್ತೋಫ್ ಚಳಿಗೆ ಮರಗಟ್ಟಿ, ದಾರಿಯ ಒಂದು ಮನೆಯಲ್ಲಿ ಬೆಂಕಿ ಕಾಯಿಸಿಕೊಂಡು, ಎರವಲು ಷರಾಯಿ ತೊಟ್ಟು ಮುಂದೆ ಹೋದನೆಂದು ಪ್ರತೀತಿ.

ಈ ಎರಡೂ ಪಂದ್ಯಗಳು ನಡೆದುದು ಭಾನುವಾರಗಳಂದು. ಆಗಿನ ನಿಯಮವನ್ನು ಬಲ್ಲ ಹಿರಿಯರಿಗೆ ಇದರ ತೊಡಕು ಕೂಡಲೇ ಹೊಳೆದೀತು. ಅಂದು ಸಂಜೆಯ ಬಲಿಪೂಜೆ ಎಂಬುದಿರಲಿಲ್ಲ. ಹನ್ನೆರಡನೆಯ ಪಿಯುಸರು ಅದಕ್ಕೆ ಅವಕಾಶ ಕೊಟ್ಟುದು 1953ರಲ್ಲಿ. ಪರಮ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಕತ್ತಲಿರುವಾಗಲೇ ಸೈಕಲ್ ಹತ್ತಿದವನಿಗೆ ಪೂಜೆ ಎಲ್ಲಿಯದು? ಉತ್ತರ ಫ್ರಾನ್ಸಿನಲ್ಲಿ ಪ್ಯಾರಿಸ್‌ನಿಂದ ರೂಬೇಗೆ ಹೋಗುವ ಪಂದ್ಯವನ್ನು 1896ರಲ್ಲಿ ಪಾಸ್ಕ ಹಬ್ಬದಂದೇ ನಡೆಸಬೇಕೆಂದು ಹೊರಟಾಗಲೂ ಇದೇ ಆಕ್ಷೇಪಣೆ ಎದ್ದಿತು. ಆ ವರ್ಷದ ಪಾಸ್ಕ ಏಪ್ರಿಲ್ 5ಕ್ಕೆ; ಪಂದ್ಯ ನಡೆದುದು ಎರಡು ವಾರ ಕಳೆದು, 19ಕ್ಕೆ. ಮುಂದೆ ಅದು ಪಾಸ್ಕದ ದಿನವೇ ನಡೆಯುವ ರೂಢಿಯಾಗಿ, 'ಪಾಸ್ಕದ ಪಂದ್ಯ' ಎಂಬ ಹೆಸರನ್ನೂ ಪಡೆಯಿತು. ಇಟಲಿಯಲ್ಲಾದರೋ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಲವು ಧರ್ಮಾಧ್ಯಕ್ಷರು ಗುರುಗಳು ಸೈಕಲ್ ಏರುವುದನ್ನೇ ನಿಷೇಧಿಸಿದ್ದರು. ನಿಲುವಂಗಿ ತೊಟ್ಟು ಸೈಕಲ್ ತುಳಿಯುವುದು ಗುರುಪದವಿಗೆ ಶೋಭಿಸದು ಎಂಬುದು ಅವರ ಎಣಿಕೆ. ಹಳ್ಳಿ ಹಳ್ಳಿಗೆ ಸೈಕಲ್ಲಿನ ಮೇಲೆಯೇ ಹೋಗಿ ರೋಗಿಗಳಿಗೆ ಅಂತ್ಯ ಅಭ್ಯಂಗ ಕೊಟ್ಟ ನಮ್ಮ ಸೀಮೆಯ ಗುರುಗಳನ್ನು ನೆನೆದರೆ ನಮಗೆ ನಗು ಬರುತ್ತದೆ.

ಮಿಲಾನ್–ಸಾನ್ ರೇಮೊ ಪಂದ್ಯಕ್ಕೂ ಸಂತ ಜೋಸೆಫರಿಗೂ ಗಂಟು ಬಿದ್ದುದು 1930ರ ದಶಕದಲ್ಲಿ. ಮಾರ್ಚ್ 19 ಸರಕಾರೀ ರಜೆಯಾದ ಮೇಲೆ ಪಂದ್ಯ ಆ ದಿನಕ್ಕೆ ನೆಲೆ ನಿಂತಿತು. ಜನ ಅದನ್ನು ಸಂತ ಜೋಸೆಫರ ಪಂದ್ಯವೆಂದೇ ಕರೆಯತೊಡಗಿದರು. ಪಂದ್ಯ ನಡೆಸುವವರ ಲೆಕ್ಕಾಚಾರ ಸರಳವಾದುದು. ಸೈಕಲ್ ಪಂದ್ಯಕ್ಕೆ ಮೈದಾನವಿಲ್ಲ, ಟಿಕೆಟ್ಟಿಲ್ಲ. ರಸ್ತೆಯ ಬದಿಯೇ ಪ್ರೇಕ್ಷಕರ ಜಾಗ. ಕೆಲಸದ ದಿನ ರಸ್ತೆಯ ಬದಿಗೆ ಯಾರು ಬರುತ್ತಾರೆ? ಹಬ್ಬದ ದಿನವಾದರೆ ಬೆಳಗಿನ ಪೂಜೆ ಮುಗಿಸಿ, ಹಬ್ಬದ ಉಡುಪಿನಲ್ಲಿಯೇ, ಮಕ್ಕಳ ಕೈ ಹಿಡಿದು ತಂದೆ ರಸ್ತೆಗೆ ಬರುತ್ತಾನೆ. ಇಟಲಿಯಲ್ಲಿ ಮಾರ್ಚ್ 19 ತಂದೆಯರ ದಿನವೂ ಹೌದು. ಎಣ್ಣೆಯಲ್ಲಿ ಕರಿದ ಸಿಹಿ ಕಜ್ಜಾಯಗಳನ್ನು ಅಂದು ಸಂತನ ಹೆಸರಿನಲ್ಲಿ ಮಾಡುತ್ತಾರೆ. ತಪಸ್ಸುಕಾಲದ ನಡುವೆ ಬರುವ ಈ ಒಂದು ಮಹೋತ್ಸವದಲ್ಲಿ, ಶುಕ್ರವಾರವೇ ಆಗಿದ್ದರೂ ಮಾಂಸವರ್ಜನೆಯ ಕಟ್ಟಿಲ್ಲ. ನಲವತ್ತು ದಿನಗಳ ಬಿಗಿಯಲ್ಲಿ ಒಂದು ದಿನ ಉಸಿರು ಬಿಡುವ ಜನರ ಮುಂದೆ ಬಣ್ಣಬಣ್ಣದ ಅಂಗಿಯ ಸವಾರರು ಅರೆ ನಿಮಿಷದಲ್ಲಿ ಹಾದುಹೋಗುತ್ತಿದ್ದರು. ಆ ಅರೆ ನಿಮಿಷಕ್ಕಾಗಿ ಎರಡು ಗಂಟೆ ಕಾಯುವುದೇ ಹಬ್ಬ.

ಪಂದ್ಯದ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ಹಿಂಬಾಲಿಸಿದರೆ ಧರ್ಮಸಭೆಯ ಚರಿತ್ರೆಯ ಪುಟಗಳೇ ತೆರೆದುಕೊಳ್ಳುತ್ತವೆ. ಮಂಜು ಕವಿದ ಪೊ ನದಿಯ ಬಯಲನ್ನು ದಾಟಿ, ತುರ್ಕೀನೋ ಘಟ್ಟವನ್ನೇರಿ, ಮೇಲಿನ ಸುರಂಗದಿಂದ ಹೊರಬಿದ್ದು ಇಳಿದರೆ ಸಮುದ್ರ, ಬಿಸಿಲು. ಅಲ್ಲಿಂದ ಮುಂದೆ ರೋಮನರ ಕಾಲದ ಔರೇಲಿಯಾ ಹೆದ್ದಾರಿ ಕಡಲಿಗೆ ಅಂಟಿಕೊಂಡು ಸಾಗುತ್ತದೆ. ಆ ದಾರಿಯಲ್ಲಿ ಚೆಲ್ಲೆ ಎಂಬ ಚಿಕ್ಕ ಊರು ಸಿಗುತ್ತದೆ. ಮಾರ್ಚ್ 19ರಂದು ಸಂತ ಜೋಸೆಫರ ಹಬ್ಬವನ್ನು ರೋಮಿನ ಪಂಚಾಂಗಕ್ಕೆ ತಂದ ನಾಲ್ಕನೆಯ ಸಿಕ್ಸ್ತುಸರು ಹುಟ್ಟಿದುದು ಇದೇ ಊರಿನ ಸೀಮೆಯಲ್ಲಿ, 1414ರಲ್ಲಿ! ತಮ್ಮ ಊರಿನ ಮಗ ಕೊಟ್ಟ ಹಬ್ಬದ ರಜೆಯಲ್ಲಿ ಅಲ್ಲಿನ ಜನ ತಮ್ಮ ಬೀದಿಯಲ್ಲೇ ಪಂದ್ಯ ನೋಡುತ್ತಿದ್ದರು. ಇದನ್ನು ಯಾರೂ ಯೋಜಿಸಿದ್ದಲ್ಲ. ಇಂತಹವು ಚರಿತ್ರೆಯಲ್ಲಿ ತಾವಾಗಿ ಕೂಡಿ ಬರುತ್ತವೆ. ಮುಂದಿನ ದೊಡ್ಡ ಪಟ್ಟಣ ಸವೋನ. ನೆಪೋಲಿಯನ್ನನು ಜಗದ್ಗುರು ಏಳನೆಯ ಪಿಯುಸರನ್ನು ಸೆರೆಯಿಟ್ಟ ಊರು. 1536ರ ಮಾರ್ಚ್ 18ರಂದು ಅಲ್ಲಿನ ಅಂತೋನಿಯೊ ಬೊತ್ತ ಎಂಬ ರೈತನಿಗೆ ಮಾತೆ ಮರಿಯಳು ದರ್ಶನವಿತ್ತಳೆಂದು ನಂಬಿಕೆ. 18ರಂದು ಸವೋನದಲ್ಲಿ ಕರುಣಾಮಾತೆಯ ಹಬ್ಬ, 19ರಂದು ಅವಳ ಪತಿಯ ಹಬ್ಬ.

ಈ ಪಂದ್ಯದ ಅತ್ಯಂತ ಪ್ರಸಿದ್ಧವಾದ ದಿನ 1946ರ ಮಾರ್ಚ್ 19. ಯುದ್ಧದಿಂದಾಗಿ 1944 ಮತ್ತು 1945ರಲ್ಲಿ ಪಂದ್ಯ ನಡೆದಿರಲಿಲ್ಲ. ಅಂದು ಮಂಗಳವಾರ, ಹಬ್ಬದ ರಜೆ. ಬಾಂಬಿನಿಂದ ಮುರಿದ ಮನೆಗಳ ನಡುವೆ ಜನ ಬಂದು ನಿಂತರು. ಫಾವುಸ್ತೊ ಕೊಪ್ಪಿ ಎಂಬ ತರುಣ, ಹಿಂದೊಮ್ಮೆ ಇದೇ ದಾರಿಯ ನೋವಿ ಲಿಗೂರೆ ಪಟ್ಟಣದಲ್ಲಿ ಮಾಂಸದಂಗಡಿಯ ಪೊಟ್ಟಣಗಳನ್ನು ಮನೆಮನೆಗೆ ಸೈಕಲ್ಲಿನಲ್ಲಿ ಮುಟ್ಟಿಸುತ್ತಿದ್ದವನು, ಯುದ್ಧದಲ್ಲಿ ಬ್ರಿಟಿಷರ ಸೆರೆಯಾಳಾಗಿ ಹಿಂದಿರುಗಿದವನು, ಸುಮಾರು 147 ಕಿಲೋಮೀಟರ್ ಒಬ್ಬನೇ ತುಳಿದು ಎರಡನೆಯವನಿಗಿಂತ 14 ನಿಮಿಷ ಮೊದಲು ಗುರಿ ಮುಟ್ಟಿದನು. ಉಳಿದವರು ಬರುವವರೆಗೆ ಸಂಗೀತ ಕೇಳಿ ಎಂದು ರೇಡಿಯೊದವರು ಹೇಳಿದರಂತೆ.

ಮರುವರ್ಷ ಗೆದ್ದವನು ಜೀನೊ ಬಾರ್ತಲಿ. ಒಟ್ಟು ನಾಲ್ಕು ಬಾರಿ ಈ ಪಂದ್ಯವನ್ನು ಗೆದ್ದವನು. ಈತನ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಬಾರ್ತಲಿ ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿದ ಶ್ರೀಸಾಮಾನ್ಯ ಭಕ್ತ. 1943–44ರಲ್ಲಿ, ಜರ್ಮನರ ಆಡಳಿತದ ಕೆಳಗೆ, ಫ್ಲಾರೆನ್ಸಿನ ಕಾರ್ಡಿನಲ್ ಎಲಿಯ ದಲ್ಲ ಕೊಸ್ತರ ಕೋರಿಕೆಯಂತೆ ಯೆಹೂದ್ಯರನ್ನು ಉಳಿಸಲು ಬೇಕಾದ ಕಾಗದಪತ್ರಗಳನ್ನು ತನ್ನ ಸೈಕಲ್ಲಿನ ಕೊಳವೆಯೊಳಗೆ ಬಚ್ಚಿಟ್ಟು, ಅಭ್ಯಾಸದ ನೆಪದಲ್ಲಿ ಸಾಗಿಸಿದನು. ಯುದ್ಧ ಮುಗಿದ ಮೇಲೆ ಅದನ್ನು ಹೇಳಿಕೊಂಡು ತಿರುಗಲಿಲ್ಲ. 2000ದಲ್ಲಿ ತೀರಿಕೊಂಡನು, ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಅವನ ಹೆಸರನ್ನು ನೀತಿವಂತರ ಸಾಲಿಗೆ ಸೇರಿಸಿತು. ಬಾಯಿಬಿಡದೆ ದುಡಿದ ನಮ್ಮ ಪಾಲಕ ಸಂತರ ಹಬ್ಬದ ಪಂದ್ಯವನ್ನು ನಾಲ್ಕು ಬಾರಿ ಗೆಲ್ಲಲು ಅವನಿಗಿಂತ ತಕ್ಕವನು ನಮಗೆ ತೋಚುವುದಿಲ್ಲ.

ಅಷ್ಟರಲ್ಲಿ ಧರ್ಮಸಭೆಯೂ ಸೈಕಲ್ಲನ್ನು ಆಶೀರ್ವದಿಸಿಯಾಗಿತ್ತು. 1949ರ ಅಕ್ಟೋಬರ್ 13ರಂದು ಹನ್ನೆರಡನೆಯ ಪಿಯುಸರು ಕೋಮೊ ಸರೋವರದ ಬಳಿಯ ಗೀಸಲ್ಲೊ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಆ ಚಿಕ್ಕ ದೇಗುಲದ ಗೋಡೆಗಳ ಮೇಲೆ ಬಾರ್ತಲಿ, ಕೊಪ್ಪಿಯರ ಸೈಕಲ್ಲುಗಳನ್ನೇ ಹರಕೆಯ ವಸ್ತುಗಳಂತೆ ತೂಗುಹಾಕಿದ್ದಾರೆ. ನಿಷೇಧದಿಂದ ಪಾಲಕಿಯವರೆಗೆ ಐವತ್ತು ವರ್ಷಗಳ ದಾರಿ.

1953ರ ನಂತರ ಹದಿನಾರು ವರ್ಷ ಒಬ್ಬ ಇಟಾಲಿಯನ್ನನೂ ಗೆಲ್ಲಲಿಲ್ಲ. 1970ರ ಮಾರ್ಚ್ 19ರ ಗುರುವಾರ ಮಿಕೇಲೆ ದಾಂಚೆಲ್ಲಿ ಗೆದ್ದಾಗ ಇಡೀ ದೇಶ ಕುಣಿಯಿತು. ಗುರುವಾರ ಇಡೀ ದೇಶ ಕುಣಿಯಲು ಸಾಧ್ಯವಾದುದು ಸಂತ ಜೋಸೆಫರ ದಯೆಯಿಂದ. ಏಳು ವರ್ಷಗಳಲ್ಲಿ ಆ ದಯೆಗೂ ಕತ್ತರಿ ಬಿದ್ದಿತು. ವಾರದ ನಡುವಿನ ಹಬ್ಬಗಳಿಂದ ಉತ್ಪಾದನೆ ಕುಂಠಿತವಾಗುತ್ತದೆ, ಹಬ್ಬಕ್ಕೂ ಭಾನುವಾರಕ್ಕೂ ನಡುವಿನ ದಿನಗಳನ್ನೂ ಜನ ರಜೆ ಮಾಡಿಕೊಳ್ಳುತ್ತಾರೆ ಎಂಬ ಕಾರಣದಿಂದ 1977ರ ಮಾರ್ಚ್ 5ರ ಕಾನೂನು ಐದು ಧಾರ್ಮಿಕ ರಜೆಗಳನ್ನು ರದ್ದುಮಾಡಿತು. ಅವುಗಳಲ್ಲಿ ದರ್ಶನೋತ್ಸವ 1985ರಲ್ಲಿ ಮರಳಿ ಬಂದಿತು. ಸಂತ ಜೋಸೆಫರ ರಜೆ ಬರಲಿಲ್ಲ. ಗಡಿಯಾಚೆ, ಸ್ವಿಟ್ಜರ್ಲೆಂಡಿನ ತಿಚೀನೊ ಪ್ರಾಂತದಲ್ಲಿ ಆ ದಿನ ಇಂದಿಗೂ ರಜೆ. ದುಡಿಮೆ ನಿಲ್ಲಬಾರದೆಂದು ದುಡಿಯುವವರ ಸಂತನ ರಜೆಯನ್ನೇ ತೆಗೆದದ್ದು ನ್ಯಾಯವೆಂದು ನಮಗೆ ಅನ್ನಿಸುವುದಿಲ್ಲ.

ರಜೆ ಹೋದ ಮೇಲೆ ಪಂದ್ಯಕ್ಕೂ ಆ ದಿನದಲ್ಲಿ ಕೆಲಸವಿಲ್ಲದಾಯಿತು. 1980ರ ದಶಕದ ಆರಂಭದಿಂದ ಅದು ಸಾಮಾನ್ಯವಾಗಿ 19ಕ್ಕೆ ಹತ್ತಿರದ ಶನಿವಾರಕ್ಕೆ ಸರಿಯಿತು. 2016 ಮತ್ತು 2022ರಂತೆ ಶನಿವಾರವೇ 19 ಆದಾಗ ಮಾತ್ರ ಹಳೆಯ ನಂಟು ಕೂಡುತ್ತದೆ. 2008ರಲ್ಲಿ ವಿಚಿತ್ರವೇ ನಡೆಯಿತು. ಆ ವರ್ಷ ಪಾಸ್ಕ ಬಲು ಬೇಗ, ಮಾರ್ಚ್ 23ಕ್ಕೆ ಬಂದುದರಿಂದ 19 ಪವಿತ್ರ ವಾರದೊಳಗೆ ಸಿಕ್ಕಿ, ಸಂತ ಜೋಸೆಫರ ಹಬ್ಬವನ್ನು 15ಕ್ಕೆ ಹಿಂದೆ ತಂದು ಆಚರಿಸಲಾಯಿತು. ಪಂದ್ಯ ಮಾತ್ರ 22ರಂದು, ಪ್ರಭು ಸಮಾಧಿಯಲ್ಲಿರುವ ಪವಿತ್ರ ಶನಿವಾರದಂದು, ಹಗಲಿನಲ್ಲಿ ಬಲಿಪೂಜೆಯಿಲ್ಲದ ದೇವಾಲಯಗಳ ಮುಂದೆ ಹಾದುಹೋಯಿತು. ಹಬ್ಬವೊಂದು ದಾರಿ ಹಿಡಿದಿತ್ತು, ಪಂದ್ಯವೊಂದು ದಾರಿ.

ಇಟಲಿಯವರನ್ನು ಆಕ್ಷೇಪಿಸುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಧರ್ಮಕೇಂದ್ರದ ಹಳೆಯ ದಿನಚರಿ ಪುಸ್ತಕವನ್ನು ಈ ಸಂಚಿಕೆಗಾಗಿ ತಿರುವಿಹಾಕಿದಾಗ ಹಿಂದಿನ ಗುರುಗಳು ಪಾಲಕರ ಹಬ್ಬವನ್ನು, ವಾರ ಯಾವುದಾದರೂ ಸರಿ, 19ರಂದೇ ಮಾಡಿದುದು ತಿಳಿದುಬಂದಿತು. ಬಡಗಿಗಳು ಅಂದು ಉಳಿ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಆಡಂಬರದ ಬಲಿಪೂಜೆ, ಮಧ್ಯಾಹ್ನ ಅನ್ನದಾನ, ಸಂಜೆ ತೇರು. ಅದರ ನಡುವೆ ದೇವಾಲಯದ ಮೈದಾನದಲ್ಲಿ ಹುಡುಗರಿಗೆ ನಿಧಾನ ಸೈಕಲ್ ಪಂದ್ಯ: ಕಾಲು ನೆಲಕ್ಕೆ ತಾಗದಂತೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನಿಗೆ ಬಹುಮಾನ. ಹಬ್ಬವನ್ನು ಹತ್ತಿರದ ಭಾನುವಾರಕ್ಕೆ ಸರಿಸಿದವರು ನಾವೇ. ರಜೆ ಸಿಗುವುದಿಲ್ಲ, ಮಕ್ಕಳಿಗೆ ಪರೀಕ್ಷೆ ಎಂದು ಭಕ್ತಾದಿಗಳು ಬಂದು ಹೇಳಿದಾಗ ನಾವು ಹೆಚ್ಚು ಯೋಚಿಸದೆ ಒಪ್ಪಿದೆವು. ಭಾನುವಾರದ ತೇರಿಗೆ ಜನ ಹೆಚ್ಚಾದರೆಂಬುದು ನಿಜ. ಆದರೆ ಆ ಬಳಿಕ 19ರ ಬೆಳಗಿನ ಪೂಜೆಯಲ್ಲಿ ನಾವು ಎಣಿಸಿದ ತಲೆಗಳು ಮೂವತ್ತನ್ನು ದಾಟಿದ್ದಿಲ್ಲ. ಆ ನಿರ್ಧಾರ ಸರಿಯೋ ತಪ್ಪೋ ಎಂದು ಇಂದಿಗೂ ನಮ್ಮ ಮನಸ್ಸು ತೂಗಾಡುತ್ತದೆ.

ಈ ಶತಮಾನೋತ್ಸವದ ವರ್ಷದಲ್ಲಿ ತೇರು ಭಾನುವಾರವೇ ಇರಲಿ, ಆದರೆ 19ರಂದು ಕೆಲಸದಿಂದ ಮರಳುವವರಿಗೆ ಅನುಕೂಲವಾಗುವಂತೆ ಸಂಜೆ ಆರೂವರೆಗೆ ಹಾಡುಪೂಜೆ ಇರಲಿ ಎಂದು ಧರ್ಮಕೇಂದ್ರದ ಪಾಲನಾ ಮಂಡಳಿಯವರು ತೀರ್ಮಾನಿಸಿದ್ದಾರೆ. ನಿಧಾನ ಸೈಕಲ್ ಪಂದ್ಯವನ್ನು ಅಂದೇ, ಪೂಜೆ ಮುಗಿದ ಕೂಡಲೇ, ಮೈದಾನದಲ್ಲಿ ದೀಪ ಹಾಕಿಸಿ ನಡೆಸಬೇಕೆಂದು ನಾವು ಕೇಳಿಕೊಂಡೆವು. ಅದಕ್ಕೂ ಅವರು ಒಪ್ಪಿದ್ದಾರೆ. ಸೈಕಲ್ ಇಲ್ಲದ ಮಕ್ಕಳಿಗೆ ಗುರುನಿವಾಸದಲ್ಲಿರುವ ಹಳೆಯ ಸೈಕಲ್ಲನ್ನು ಕೊಡಲಾಗುವುದು. ಅದರ ಬ್ರೇಕನ್ನು ಮಾತ್ರ ಯಾರಾದರೂ ಮುಂಚಿತವಾಗಿ ಸರಿಮಾಡಿಕೊಡಬೇಕು.