ಕಂಪ್ಯೂಟರ್ ಅಂದ್ರ ಹೆಣ್ಮಕ್ಕಳಿದ್ರು

ಎಐ ಬಂದು ಮಕ್ಕಳ ನೌಕರಿ ನುಂಗತದಂತ ಈಗ ಎಲ್ಲಾರ ಮನ್ಯಾಗೂ ಅದ ಮಾತು. ಹಿಂದಿಂದೊಂದು ಕೇಳ್ರಿ.

ಅಮೆರಿಕಾದಾಗ, ಈಗಿನ ನಾಸಾದ ಲ್ಯಾಂಗ್ಲಿ ಕೇಂದ್ರದಾಗ, ‘ಕಂಪ್ಯೂಟರ್’ ಅಂದ್ರ ಯಂತ್ರ ಅಲ್ಲ, ವಿಮಾನದ ಲೆಕ್ಕಾ ಮಾಡೋ ಹೆಣ್ಮಕ್ಕಳು. 1943ರಾಗ ಸೇರಿದ ಡೊರೊಥಿ ವಾನ್ ಮುಂದ ಅಂಥವರ ಒಂದು ಗುಂಪಿಗೆ ಮುಖ್ಯಸ್ಥೆ ಆದ್ರು. ಐಬಿಎಂ ಯಂತ್ರ ಬಂದಾಗ ಫೋರ್ಟ್ರಾನ್ ಅನ್ನೋ ಅದರ ಭಾಷಾ ತಾವೂ ಕಲ್ತು, ಜೋಡಿ ಇದ್ದವರಿಗೂ ಕಲಿಸಿದ್ರು.

1962ರಾಗ ಜಾನ್ ಗ್ಲೆನ್ ಬಾಹ್ಯಾಕಾಶಕ್ಕ ಹೊರಡೂ ಮೊದಲ, ಯಂತ್ರದ ಲೆಕ್ಕಾ ಕ್ಯಾಥರಿನ್ ಜಾನ್ಸನ್ ಒಮ್ಮೆ ಕೈಯಾರೆ ತಾಳೆ ನೋಡ್ಲಿ ಅಂದ್ರು.

ಕೂಡೋದು, ಕಳಿಯೋದು ಯಂತ್ರಕ್ಕ ಹೋತು. ಹೆಸರೂ ಅದಕ್ಕ ಹೋತು. ತಪ್ಪೋ ಸರಿಯೋ ನೋಡಿ, ‘ಹೌದು’ ಅಂತ ಹೊಣಿ ಹೊರೋ ಕೆಲಸ ಮನಷ್ಯಾರ ಹತ್ರನ ಉಳೀತು. ಮಕ್ಕಳಿಗೆ ಅದನ್ನ ಕಲಿಸೋಣ್ರಿ.