ಹೆದ್ದಾರಿಯ ಊರಿಗೆ ಅಡ್ಡದಾರಿಯ ಟಪಾಲು

ಬೆಂಗಳೂರಿನಿಂದ ಶಿರಾ ದಾಟಿ ಹಿರಿಯೂರಿನ ಕಡೆ ಹೊರಟವರಿಗೆ ಜವನಗೊಂಡನಹಳ್ಳಿ ಹೆದ್ದಾರಿಯ ಮಗ್ಗುಲಲ್ಲೇ ಸಿಗುತ್ತದೆ. ಬಸ್ಸಿನವರ ಬಾಯಲ್ಲಿ ಅದು ಜೆ.ಜಿ. ಹಳ್ಳಿ, ಸರ್ಕಾರಿ ಕಾಗದಗಳಲ್ಲಿ ಹಿರಿಯೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ಪೋಣಿಸಿಕೊಂಡು ಹರಿಹರಕ್ಕೆ, ಅಲ್ಲಿಂದ ಪುಣೆಗೆ ಹೋಗುವ ಈ ರಸ್ತೆ ಹತ್ತೊಂಬತ್ತನೇ ಶತಮಾನದಲ್ಲೇ ಮೈಸೂರು ಸಂಸ್ಥಾನದ ದೊಡ್ಡ ದಾರಿಗಳಲ್ಲೊಂದು. ದಂಡು, ಹತ್ತಿಯ ಗಾಡಿ, ದನದ ಹಿಂಡು, ಟಪಾಲು ಎಲ್ಲವೂ ಇದರ ಮೇಲೆಯೇ ಸಾಗಬೇಕು. ಇಂಥ ಊರಿಗೆ ಕಾಗದ ಬೇಗ ಬರಬೇಕಿತ್ತು. ಆದರೆ ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಟಪಾಲಿನ ಲೆಕ್ಕದಲ್ಲಿ ಈ ಸೀಮೆ ಮೂಲೆಗೆ ಸರಿದಿತ್ತು.

ಅದಕ್ಕೆ ಕಾರಣ ರೈಲು. ಬೆಂಗಳೂರಿನಿಂದ ಹೊರಟ ಹಳಿ 1884ರಲ್ಲಿ ತುಮಕೂರು ಮುಟ್ಟಿತು. ಮುಂದೆ ಶಿರಾ ರಸ್ತೆಯ ಜಾಡು ಹಿಡಿಯದೆ ಪಡುವಣಕ್ಕೆ ಹೊರಳಿ ತಿಪಟೂರು, ಅರಸೀಕೆರೆ, ಬೀರೂರುಗಳ ಮೇಲೆ ಹಾಯ್ದು 1889ರ ಹೊತ್ತಿಗೆ ಹರಿಹರ ತಲುಪಿತು. ಟಪಾಲು ಚೀಲಗಳು ರಸ್ತೆ ಬಿಟ್ಟು ರೈಲು ಹತ್ತಿದವು. ಚಿತ್ರದುರ್ಗ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಆಗ ನಾಲ್ಕು ಬಗೆಯ ಅದೃಷ್ಟ. ಹೊಳಲ್ಕೆರೆಗೆ ಹಳಿ ಹತ್ತಿರವಾಯಿತು. ಹೊಸದುರ್ಗಕ್ಕೆ ಸಿಕ್ಕಿದ್ದು ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ. ಹೆಸರಲ್ಲಿ ಊರಿದ್ದರೂ ಊರು ಅಲ್ಲಿಂದ ಮೈಲಿಗಟ್ಟಲೆ ದೂರ. ಜಿಲ್ಲಾ ಕೇಂದ್ರವಾದ ಚಿತ್ರದುರ್ಗವೇ ಚಿಕ್ಕಜಾಜೂರಿನಿಂದ ಒಂದು ಕವಲು ಹಳಿ ಬರಲು 1921ರವರೆಗೆ ಕಾಯಬೇಕಾಯಿತು. ಹಿರಿಯೂರಿಗಂತೂ ಏನೂ ಬರಲಿಲ್ಲ. ಜವನಗೊಂಡನಹಳ್ಳಿಯಿಂದ ಯಾವ ದಿಕ್ಕಿಗೆ ಎಣಿಸಿದರೂ ರೈಲು ನಿಲ್ದಾಣ ಮೂವತ್ತು ಮೈಲಿಗೆ ಕಡಿಮೆಯಿಲ್ಲ.

ರೈಲು ಹರಿಹರ ಮುಟ್ಟಿದ 1889ರಲ್ಲೇ ಇನ್ನೊಂದು ಬದಲಾವಣೆಯೂ ನಡೆಯಿತು: ಮೈಸೂರು ಸಂಸ್ಥಾನದ ಸ್ವಂತ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಈ ‘ಮೈಸೂರು ಅಂಚೆ’ಯ ಬೇರು ಹದಿನೇಳನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಹೋಗುತ್ತದೆ. ಅವರ ಅಂಚೆಯವರು ಕಾಗದ ಹೊರುವುದರ ಜೊತೆಗೆ ಸೀಮೆಯ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ದಮಯಂತಿಗೆ ನಳನ ಸುದ್ದಿ ತಂದದ್ದೂ ಹಂಸವೇ ಆದ್ದರಿಂದ ಟಪಾಲಿಗೆ ಈ ಹೆಸರು ಒಪ್ಪುತ್ತದೆಂದು ಕನ್ನಡಿಗರು ಹೇಳಿಕೊಂಡು ಬಂದಿದ್ದಾರೆ. ಸಂಸ್ಥಾನದ ಅಂಚೆ ಹೋದರೂ ಮಾತು ಉಳಿಯಿತು. ಇವತ್ತಿಗೂ ಕನ್ನಡದಲ್ಲಿ ಪೋಸ್ಟಾಫೀಸಿನ ಫಲಕದ ಮೇಲೆ ಇರುವುದು ಅದೇ.

ಎಲ್ಲ ಸಂಸ್ಥಾನಗಳೂ ಮೈಸೂರಿನಷ್ಟು ಬೇಗ ಕೈಬಿಡಲಿಲ್ಲ. ತಿರುವಾಂಕೂರು ತನ್ನ ‘ಅಂಚಲ್’ ಸೇವೆಯನ್ನು ಶಂಖದ ಮುದ್ರೆಯ ಸ್ವಂತ ಚೀಟಿಗಳೊಡನೆ ಸ್ವಾತಂತ್ರ್ಯದ ನಂತರದವರೆಗೂ ನಡೆಸಿತು. ಕಲಬುರಗಿ, ರಾಯಚೂರು, ಬೀದರಿನ ಕನ್ನಡಿಗರು 1950ರವರೆಗೆ ನಿಜಾಮರ ಅಂಚೆಗೂ ಒಳಗಾಗಿದ್ದರು. ಹಾಗಾಗಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಿರಿಯೂರಿನವರು ಬಳಸುತ್ತಿದ್ದ ಕಾರ್ಡಿನ ಮೇಲೆ ಇಂಗ್ಲೆಂಡಿನ ದೊರೆಯ ತಲೆಯಿದ್ದರೆ, ರಾಯಚೂರಿನ ನೆಂಟರ ಲಕೋಟೆಯ ಮೇಲೆ ನಿಜಾಮರ ಚೀಟಿ ಇರುವುದು ಸಾಧ್ಯವಿತ್ತು.

ರೈಲಿನಿಂದ ಇಳಿದ ಚೀಲ ಹಳ್ಳಿ ಸೇರುವ ಬಗೆಯಲ್ಲೇ ಈ ವ್ಯವಸ್ಥೆಯ ಜೀವವಿತ್ತು. ಬಂಡಿ ಹೋಗುವ ಕಡೆ ಬಂಡಿ, ಕುದುರೆ ಸಿಗುವ ಕಡೆ ಜಟಕಾ, ಉಳಿದೆಡೆಯೆಲ್ಲ ಮನುಷ್ಯನ ಕಾಲು. ಟಪಾಲು ಓಟಗಾರನ ಕೈಯಲ್ಲಿ ಈಟಿ ಕಟ್ಟಿದ ಕೋಲು, ಕೋಲಿಗೆ ಗೆಜ್ಜೆ, ಹೆಗಲಿಗೆ ಅರಗಿನ ಮುದ್ರೆ ಒತ್ತಿದ ಚೀಲ. ಗೆಜ್ಜೆಯ ಸದ್ದು ದಾರಿಯ ಹಾವು ಹುಪ್ಪಟೆಯನ್ನು ಸರಿಸುವುದಕ್ಕೆ. ಮುಂದಿನ ಹಂತದಲ್ಲಿ ಕಾದು ಕುಳಿತವನನ್ನು ಎಬ್ಬಿಸುವುದಕ್ಕೂ ಹೌದು. ಒಬ್ಬ ಕೆಲವೇ ಮೈಲಿ ಓಡಿ ಚೀಲವನ್ನು ಇನ್ನೊಬ್ಬನಿಗೆ ದಾಟಿಸಿ, ಅವನು ತಂದ ಎದುರು ಚೀಲ ಹೊತ್ತು ಹಿಂದಿರುಗುತ್ತಿದ್ದ. ಇಂಡಿಯಾದ ಅಂಚೆಯ ಕಥೆಯನ್ನು 1921ರಲ್ಲಿ ಪುಸ್ತಕವಾಗಿ ಬರೆದ ಇಲಾಖೆಯ ಹಿರಿಯ ಅಧಿಕಾರಿ ಜೆಫ್ರಿ ಕ್ಲಾರ್ಕ್ ಕೂಡ ಓಟಗಾರರ ನಿಷ್ಠೆಯನ್ನು ಮೆಚ್ಚಿ ಬರೆದಿದ್ದಾರೆ.

ಆಗಿನ ಕಾರ್ಡು ಈಗಲೂ ಕೈಗೆ ಸಿಕ್ಕರೆ ಈ ಓಟದ ವೇಗವನ್ನು ಯಾರು ಬೇಕಾದರೂ ಅಳೆಯಬಹುದು. ಹೊರಟ ಕಚೇರಿ ಒಂದು ತಾರೀಖಿನ ಮುದ್ರೆ ಹೊಡೆಯುತ್ತಿತ್ತು, ತಲುಪಿದ ಕಚೇರಿ ಇನ್ನೊಂದು. ಎರಡೂ ಮುದ್ರೆಗಳ ನಡುವಿನ ದಿನಗಳೇ ಆ ಕಾಗದದ ಪಯಣ. ಮುದ್ರೆಯಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿರುತ್ತದೆ. ಇಂಗ್ಲಿಷರ ನಾಲಿಗೆಗೆ ಹೊರಳಿದ ಹೆಸರೇ ಆಗ ಸರ್ಕಾರದ ಹೆಸರು.

ಚೀಲ ಹಳ್ಳಿಗೆ ಬಂದ ಮೇಲೆ ಇಳಿಯುತ್ತಿದ್ದ ಜಾಗ ಬಹಳ ಕಡೆ ಶಾಲೆ. ಅಂಚೆ ಕಚೇರಿಗಳಲ್ಲಿ ಮೂರು ಮೆಟ್ಟಿಲು: ಜಿಲ್ಲೆಗೆ ಹೆಡ್ಡಾಫೀಸು, ದೊಡ್ಡ ಊರುಗಳಿಗೆ ಸಬ್ಬಾಫೀಸು, ಹಳ್ಳಿಗೆ ಬ್ರಾಂಚಾಫೀಸು. ದಿನಕ್ಕೆ ಹತ್ತಿಪ್ಪತ್ತು ಕಾಗದ ಬರುವ ಹಳ್ಳಿಯಲ್ಲಿ ಪೂರಾ ಸಂಬಳದ ಪೋಸ್ಟ್ ಮಾಸ್ಟರನ್ನು ಇಡಲು ಇಲಾಖೆಗೆ ಗಿಟ್ಟದು. ಆದ್ದರಿಂದ ಶಾಲೆಯ ಮೇಷ್ಟ್ರನ್ನೋ ಅಂಗಡಿಯ ಶೆಟ್ಟರನ್ನೋ ಹಿಡಿದು, ತಿಂಗಳಿಗೆ ಇಷ್ಟೆಂದು ಸಣ್ಣ ಭತ್ಯೆ ಕೊಟ್ಟು, ಅವರ ಜಗುಲಿಯನ್ನೇ ಕಚೇರಿ ಮಾಡಿಕೊಂಡಿತು. ತಕ್ಕಡಿ, ಮುದ್ರೆ, ಮಸಿಯ ಪಟ್ಟಿ, ಬೀಗದ ಪೆಟ್ಟಿಗೆ, ಇಷ್ಟೇ ಸರಂಜಾಮು. ಮೇಷ್ಟ್ರು ಮಗ್ಗಿ ಹೇಳಿಸುತ್ತಲೇ ಮನಿಯಾರ್ಡರು ಬರೆಯುತ್ತಿದ್ದರು. ಇಂದಿನ ಗ್ರಾಮೀಣ ಡಾಕ್ ಸೇವಕರ ವ್ಯವಸ್ಥೆ ಹುಟ್ಟಿದ್ದು ಇಂಥ ಜಗುಲಿಗಳ ಮೇಲೆ.

ಬ್ರಾಂಚಾಫೀಸಿನ ಆಚೆಗಿನ ಹಟ್ಟಿ, ಪಾಳ್ಯ, ತೋಟದ ಮನೆಗಳಿಗೆ ಹಳ್ಳಿ ಪೋಸ್ಟ್ ಮ್ಯಾನ್ ಸುತ್ತು ಹೊಡೆಯಬೇಕು. ದಿನವೂ ಎಲ್ಲ ಊರಿಗೆ ಹೋಗಲಾಗದು. ಊರಿಗೊಂದು ವಾರದ ದಿನ ಗೊತ್ತು ಮಾಡಿರುತ್ತಿದ್ದರು. ಅವನು ಹೆಗಲ ಚೀಲದಲ್ಲಿ ಸಣ್ಣದೊಂದು ಅಂಚೆ ಕಚೇರಿಯನ್ನೇ ಹೊತ್ತು ತಿರುಗುತ್ತಿದ್ದ. ಕಾರ್ಡು, ಲಕೋಟೆ, ಚೀಟಿ ಮಾರುತ್ತಿದ್ದ, ರಿಜಿಸ್ಟರಿ ಕಾಗದ ತೆಗೆದುಕೊಳ್ಳುತ್ತಿದ್ದ, ಮನಿಯಾರ್ಡರಿನ ದುಡ್ಡು ಎಣಿಸಿ ಕೊಡುತ್ತಿದ್ದ. ಸಂತೆಯ ದಿನ ಅವನ ಕಾಲಿಗೆ ಕೊಂಚ ವಿರಾಮ. ಯಾವ ಊರಿನವರು ಎಲ್ಲಿ ಗಾಡಿ ಬಿಡುತ್ತಾರೆ, ಯಾರು ಯಾರ ನೆಂಟರು ಎಂಬುದನ್ನು ಬಲ್ಲವನಿಗೆ ಹತ್ತು ಹಳ್ಳಿಯ ಟಪಾಲು ಸಂತೆಮಾಳದಲ್ಲೇ ಕೈಸೇರಿಸುವುದು ಕಷ್ಟವಿರಲಿಲ್ಲ.

ಕೈಸೇರಿಸಿದರೆ ಕೆಲಸ ಮುಗಿಯಿತೇ? 1901ರ ಜನಗಣತಿಯ ಪ್ರಕಾರ ಇಡೀ ಇಂಡಿಯಾದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದಾರು ಮಂದಿ. ಕಾಗದ ತಂದವನೇ ಓದಿ ಹೇಳಬೇಕು; ಎಷ್ಟೋ ಸಲ ಮಾರುತ್ತರವನ್ನೂ ಅವನೇ ಬರೆಯಬೇಕು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ ‘ಬೇಡುವ ಆಶೀರ್ವಾದಗಳು’ ಎಂದು ಮುಗಿಯುವ ಒಕ್ಕಣೆ ಹಳ್ಳಿಹಳ್ಳಿಗೂ ಒಂದೇ ಥರ ಇದ್ದದ್ದಕ್ಕೆ ಬರೆದುಕೊಡುವವರು ಕೆಲವೇ ಮಂದಿ ಇದ್ದದ್ದೂ ಕಾರಣ. ಓದಲು ಬಾರದವರಿಗೂ ತಿಳಿಯುವ ಗುರುತುಗಳು ಬೇರೆ ಇದ್ದವು. ಮೂಲೆಗೆ ಅರಿಸಿನ ಹಚ್ಚಿದ್ದರೆ ಮದುವೆಯದೋ ಇನ್ನಾವುದೋ ಶುಭದ ಸುದ್ದಿ. ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಓದಿದ ಕೂಡಲೇ ಹರಿದು ಹಾಕುತ್ತಿದ್ದರು. ತಂತಿ ಬಂತೆಂದರೆ ಒಡೆಯುವ ಮೊದಲೇ ಅಳು ಏಳುತ್ತಿತ್ತು.

ಈ ಬಡ ಸೀಮೆಯ ಜನ ಟಪಾಲಿಗೆ ಒಲಿದದ್ದಕ್ಕೆ ಕಾರ್ಡಿನ ಬೆಲೆ ಮುಖ್ಯ ಕಾರಣ. 1879ರ ಜುಲೈ 1ರಂದು ಬಂದ ಪೋಸ್ಟ್ ಕಾರ್ಡಿಗೆ ಕಾಲಾಣೆ, ಅಂದರೆ ಮೂರು ಕಾಸು. ನಾಲ್ಕು ದಶಕ ಅದು ಅಲ್ಲಾಡಲಿಲ್ಲ. ಅರ್ಧಾಣೆಗೆ ಏರಿದ್ದು 1922ರಲ್ಲಿ. ಅಷ್ಟೂ ಕೊಡಲು ಮನಸ್ಸಿಲ್ಲದವರು ಚೀಟಿಯನ್ನೇ ಹಚ್ಚದೆ ‘ಬೇರಿಂಗ್’ ಕಾಗದ ಹಾಕುತ್ತಿದ್ದರು. ಅದಕ್ಕೆ ಪಡೆಯುವವನು ಇಮ್ಮಡಿ ತೆರಬೇಕು. ಇಲಾಖೆ ದುಡ್ಡು ವಸೂಲಿಗಾದರೂ ಹುಡುಕಿಕೊಂಡು ಹೋಗಿ ಮುಟ್ಟಿಸುತ್ತದೆ ಎಂಬ ಹಳ್ಳಿಯ ಲೆಕ್ಕಾಚಾರವೂ ಅದರ ಹಿಂದಿತ್ತು.

ಮನಿಯಾರ್ಡರು ಬಂದದ್ದು 1880ರಲ್ಲಿ, ಉಳಿತಾಯದ ಪುಸ್ತಕ 1882ರಲ್ಲಿ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಜನ ಕಾಫಿ ತೋಟದ ಕೂಲಿಗೆಂದು ಘಟ್ಟ ಹತ್ತುತ್ತಿದ್ದ ಕಾಲ ಅದು. ದುಡಿದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಬರುವ ಭಯವನ್ನು ಮನಿಯಾರ್ಡರು ತಪ್ಪಿಸಿತು. ಪೋಸ್ಟ್ ಮ್ಯಾನ್ ಮನೆ ಬಾಗಿಲಲ್ಲಿ ದುಡ್ಡು ಎಣಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಯ ರುಜು ಹಾಕಿಸಬೇಕು. ಫಾರಮಿನ ತುದಿಯಲ್ಲಿ ನಾಲ್ಕು ಮಾತು ಬರೆಯುವಷ್ಟು ಜಾಗವಿತ್ತು. ಕಳಿಸಿದವನ ಕ್ಷೇಮ ಸಮಾಚಾರ ಆ ಸಂದಿಯಲ್ಲೇ ಬರುತ್ತಿತ್ತು.

1877ರ ವಿ.ಪಿ. (ವ್ಯಾಲ್ಯೂ ಪೇಯಬಲ್) ಪದ್ಧತಿ ಕನ್ನಡ ಪುಸ್ತಕಕ್ಕೆ ಮಾಡಿದ ಉಪಕಾರವನ್ನೂ ಇಲ್ಲಿ ನೆನೆಯಬೇಕು. ಕಟ್ಟು ಬಿಡಿಸಿಕೊಳ್ಳುವಾಗ ದುಡ್ಡು ಕೊಟ್ಟರಾಯಿತು. ಪುಸ್ತಕದಂಗಡಿಯೇ ಇಲ್ಲದ ಊರಿನ ಓದುಗನಿಗೆ ಪೋಸ್ಟ್ ಮ್ಯಾನನೇ ಪುಸ್ತಕದಂಗಡಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ದೂರದೂರಿನ ಸದಸ್ಯರೊಡನೆ ನಂಟು ಉಳಿಸಿಕೊಳ್ಳಲು ಟಪಾಲೇ ಗತಿಯಾಗಿತ್ತು.

ಪಟ್ಟಣದ ಟಪಾಲಿನ ಗತಿ ಬೇರೆ. ಕಲ್ಕತ್ತಾ, ಬೊಂಬಾಯಿಗಳಲ್ಲಿ ದಿನಕ್ಕೆ ಹಲವು ಬಾರಿ ಬಟವಾಡೆ. ಲಂಡನ್ನಿನ ನಡುಭಾಗದಲ್ಲಂತೂ ಹನ್ನೆರಡು ಬಟವಾಡೆಯವರೆಗೆ ನಡೆಯುತ್ತಿತ್ತು. ಬೆಳಿಗ್ಗೆ ಊಟಕ್ಕೆ ಕರೆದು ಮಧ್ಯಾಹ್ನದೊಳಗೆ ಉತ್ತರ ಪಡೆಯಬಹುದಿತ್ತು. ಬೆಂಗಳೂರಿನಲ್ಲಿ ಪೇಟೆ ಮಹಾರಾಜರದು, ದಂಡು ಬ್ರಿಟಿಷರದು. ಒಂದೇ ಊರಿನೊಳಗೆ ಎರಡು ಆಡಳಿತ. ಪೇಟೆಯ ಗಲ್ಲಿಗಳಲ್ಲಿ ಮನೆ ಸಂಖ್ಯೆಗಿಂತ ಅಂಗಡಿಯ ಹೆಸರು, ಗುಡಿಯ ಗುರುತು ಹೆಚ್ಚು ಕೆಲಸಕ್ಕೆ ಬರುತ್ತಿದ್ದವು. ಇಂಥವರ ‘ಕೇರಾಫ್’ ಎಂದು ಬರೆದರೆ ಸಾಹುಕಾರರ ಗುಮಾಸ್ತ ಕಾಗದ ಎತ್ತಿಡುತ್ತಿದ್ದ.

ಪಟ್ಟಣದ ಪೋಸ್ಟ್ ಮ್ಯಾನ್ ಪರಕೀಯನಾಗಿರಲಿಲ್ಲ ಎಂಬುದಕ್ಕೆ ಮೈಸೂರಿನ ಆರ್.ಕೆ. ನಾರಾಯಣ್ ಬರೆದ ಒಂದು ಕಥೆ ಸಾಕ್ಷಿ. ‘ಮಾಲ್ಗುಡಿ ಡೇಸ್’ ಸಂಕಲನದ ಆ ಕಥೆಯಲ್ಲಿ ತಾನಪ್ಪನೆಂಬ ಪೋಸ್ಟ್ ಮ್ಯಾನ್ ಒಂದು ಮನೆಯ ಮದುವೆ ಕೆಡಬಾರದೆಂದು ಸಾವಿನ ಸುದ್ದಿಯ ಟಪಾಲನ್ನು ತಡೆದಿಟ್ಟುಕೊಳ್ಳುತ್ತಾನೆ. ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿ ದೂರದರ್ಶನಕ್ಕೆ ತಂದಾಗ ನೋಡುಗರಿಗೆ ಇದು ಕಟ್ಟುಕಥೆ ಅನ್ನಿಸಲಿಲ್ಲ. ಇಲಾಖೆಯ ನಿಯಮದಲ್ಲಿ ಅದು ಅಪರಾಧ. ಓಣಿಯ ನಿಯಮ ಬೇರೆ.

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಅಮೆರಿಕದ ಹಳ್ಳಿಗಾಡಿನಲ್ಲಿಯೂ ಟಪಾಲಿನ ಪ್ರಶ್ನೆ ಎದ್ದಿತ್ತು. ಅಲ್ಲಿ ನಗರದ ಮನೆಗಳಿಗೆ 1863ರಿಂದಲೇ ಬಿಟ್ಟಿ ಬಟವಾಡೆ ಇತ್ತು. ರೈತ ಮಾತ್ರ ಗಾಡಿ ಕಟ್ಟಿ ಊರಿಗೆ ಹೋಗಿ ಕಾಗದ ತರಬೇಕಿತ್ತು. 1896ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಹೊಲದ ಮನೆಗೂ ಟಪಾಲು ಕೊಡುವ ಪ್ರಯೋಗ ಶುರುವಾಗಿ 1902ರಲ್ಲಿ ಕಾಯಂ ಆಯಿತು. ರೈತರು ರಸ್ತೆ ಬದಿಯಲ್ಲಿ ಡಬ್ಬಿ ನೆಟ್ಟರು, ಒಳ್ಳೆಯ ರಸ್ತೆಗಾಗಿ ಸರ್ಕಾರವನ್ನು ಒತ್ತಾಯಿಸಿದರು. ಹಿರಿಯೂರಿನ ಕಡೆ ನಡೆದದ್ದು ತಿರುವುಮುರುವು. ರಸ್ತೆ ಮೊದಲೇ ಇತ್ತು, ಟಪಾಲು ಅದನ್ನು ಬಿಟ್ಟು ಹೋಗಿತ್ತು. ಡಬ್ಬಿಯಂತೂ ಬರಲೇ ಇಲ್ಲ. ಕಾಗದ ಕೈಯಿಂದ ಕೈಗೇ ಬರಬೇಕಿತ್ತು.

ರಸ್ತೆಗೆ ಟಪಾಲನ್ನು ಮರಳಿ ತಂದದ್ದು ಮೋಟಾರು. ಮೊದಲ ಮಹಾಯುದ್ಧದ ಆಸುಪಾಸಿನಿಂದ ಖಾಸಗಿ ಮೋಟಾರಿನವರು ಗುತ್ತಿಗೆಯ ಮೇಲೆ ಚೀಲ ಹೊರಲಾರಂಭಿಸಿದರು. ‘ಮೇಲ್ ಬಸ್ಸು’ ಎಂಬ ಮಾತು ಹುಟ್ಟಿತು. ಪ್ರಯಾಣಿಕರು ತಡವಾದರೂ ಚೀಲ ತಡವಾಗಬಾರದೆಂಬ ಕರಾರಿನಿಂದ ಬಸ್ಸಿಗೂ ಒಂದು ಹೊತ್ತುಗೊತ್ತು ಬಂತು. 1932ರ ಅಕ್ಟೋಬರಿನಲ್ಲಿ ಟಾಟಾದವರ ಟಪಾಲು ವಿಮಾನ ಕರಾಚಿಯಿಂದ ಬೊಂಬಾಯಿಗೆ, ಅಲ್ಲಿಂದ ಮದರಾಸಿಗೆ ಹಾರಿತು. ಎರಡನೆಯ ಹಂತದ ನಡುವೆ ಅದು ಇಳಿದದ್ದು ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ. ಬಳ್ಳಾರಿಯ ಬಯಲಿಗೆ ಆಕಾಶದಿಂದ ಚೀಲ ಇಳಿಯುತ್ತಿದ್ದ ದಿನಗಳಲ್ಲಿಯೂ ಹಟ್ಟಿಯ ಅಜ್ಜಿಗೆ ಕಾಗದ ಮುಟ್ಟುತ್ತಿದ್ದುದು ಪೋಸ್ಟ್ ಮ್ಯಾನಿನ ಸುತ್ತಿನ ದಿನವೇ.

1947ರಲ್ಲಿ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಅವುಗಳಲ್ಲಿ 19,184 ಹಳ್ಳಿಗಳಲ್ಲಿ. ಜಗುಲಿಯ ಕಚೇರಿಗಳೇ ಆ ಲೆಕ್ಕದ ಬಹುಪಾಲು. ಕಚೇರಿ ಹೆಚ್ಚಿದಂತೆ ಹೆಸರುಗಳ ಗೊಂದಲವೂ ಹೆಚ್ಚಿತು. ಹೊಸಹಳ್ಳಿ, ಗೊಲ್ಲರಹಟ್ಟಿಗಳು ತಾಲ್ಲೂಕಿಗೆ ಹಲವು. ರೈಲಿನಲ್ಲಿ ನಿಂತು ಕಾಗದ ವಿಂಗಡಿಸುವವನಿಗೆ ಕನ್ನಡವೇ ಬಾರದಿರಬಹುದು. ಜವನಗೊಂಡನಹಳ್ಳಿಯ ‘ನ’ ಬರೆಯುವವರ ಕೈಯಲ್ಲಿ ಎಷ್ಟೋ ಸಲ ಜಾರಿ ‘ಜವಗೊಂಡನಹಳ್ಳಿ’ಯಾಗುತ್ತದೆ. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು ಇಂಥ ತೊಡಕು ಬಿಡಿಸಲಿಕ್ಕೆ. ಚಿತ್ರದುರ್ಗ 577501 ಆಯಿತು, ಹೊಳಲ್ಕೆರೆ 577526, ಹೊಸದುರ್ಗ 577527.

ತಂತಿ 2013ರ ಜುಲೈಯಲ್ಲಿ ನಿಂತಿತು. ಕಾರ್ಡು ಕೊಳ್ಳುವವರು ವಿರಳ. ಪೋಸ್ಟ್ ಮ್ಯಾನಿನ ಚೀಲದಲ್ಲಿ ಈಗ ಹೆಚ್ಚಾಗಿ ಬ್ಯಾಂಕಿನ ಲಕೋಟೆ, ಆಧಾರ್ ಕಾರ್ಡು, ಪಿಂಚಣಿಯ ಹಣ. ಈ ನಡುವೆ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ನೇರ ರೈಲು ಹಾದಿಗೆ ಮಂಜೂರಾತಿ ಸಿಕ್ಕಿ ಕೆಲಸ ನಡೆದಿದೆ. 1880ರ ದಶಕದಲ್ಲಿ ಪಡುವಣಕ್ಕೆ ಹೊರಳಿದ ಹಳಿ ಹಳೆಯ ಟಪಾಲು ರಸ್ತೆಯ ಜೊತೆಗೆ ಬರುತ್ತಿದೆ, ಕಾಗದಗಳೆಲ್ಲ ಖಾಲಿಯಾದ ಮೇಲೆ.